ಮೇಲ್ಮಹಡಿ ಖಾಲಿ ಇದೆ

ಸರ್ಕಾರಿ ಕಚೇರಿಯ ಆವಕ-ಜಾವಕ ವಿಭಾಗದಲ್ಲಿ ಕೂತು ತಲೆ ನರೆಸಿಕೊಂಡವನಿಗೆ ಒಂದು ನಂಬಿಕೆ ಬೇರೂರಿರುತ್ತದೆ. ಸುತ್ತೋಲೆ ಒಂದೇ ಸಾಕು, ಪ್ರತಿಗಳು ಎಷ್ಟಾದರೂ ಹೋಗಲಿ. ಜಿಲ್ಲಾ ಕಚೇರಿಗೆ ಹೋದ ಕಾಗದವೇ ತಾಲ್ಲೂಕಿಗೆ, ತಾಲ್ಲೂಕಿನದೇ ಹೋಬಳಿಗೆ, ಉಳಿದ ಒಂದು 'ಕಚೇರಿ ಪ್ರತಿ' ಎಂಬ ಹೆಸರಿನಲ್ಲಿ ಬೀರುವಿಗೆ. ಓದುವವನ ಮುಖ ನೋಡಿ ಒಕ್ಕಣೆ ಬದಲಾಯಿಸುವುದು ಖಾಸಗಿ ಕಂಪನಿಗಳವರ ಚಾಳಿ. ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ ನಾನು ಈ ನಂಬಿಕೆಯನ್ನು ಹೆಗಲಿಗೇರಿಸಿಕೊಂಡೇ ಸಾಮಾಜಿಕ ಜಾಲತಾಣಗಳಿಗೆ ಇಳಿದೆ.

ಇಳಿಯಬೇಕಾಗಿ ಬಂದದ್ದು ಮೇಲಿನ ಮನೆಗಾಗಿ. ಮೈಸೂರಿನ ಕುವೆಂಪುನಗರದಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆ ನಮ್ಮದು. ಮೇಲಿದ್ದ ಬ್ಯಾಂಕ್ ನೌಕರರಿಗೆ ಕಲಬುರಗಿಗೆ ವರ್ಗವಾಯಿತು. ಒಂದನೇ ತಾರೀಕಿಗೆ ಬಾಡಿಗೆ ಕೊಟ್ಟು, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ ಹೋದ ಪುಣ್ಯಾತ್ಮರು. ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ತೂಗುಹಾಕಿದೆ. ಬಂದವರೆಲ್ಲ ಬ್ರೋಕರ್‌ಗಳು. "ಸರ್, ಪಾರ್ಟಿ ಕರ್ಕೊಂಡ್ ಬರ್ತೀನಿ, ಒಂದು ತಿಂಗಳ ಬಾಡಿಗೆ ನಂಗೆ" ಎನ್ನುವುದು ಅವರ ಏಕೈಕ ವಾಕ್ಯ. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, "ಯಾವ ಕಾಲದಲ್ಲಿದ್ದೀಯಪ್ಪ? ಆನ್‌ಲೈನಲ್ಲಿ ಹಾಕು" ಅಂದಳು.

ಕರಡು ತಯಾರಿಸಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ. "ವಿಷಯ: ಕುವೆಂಪುನಗರದಲ್ಲಿರುವ ನಮ್ಮ ಸ್ವಂತ ಮನೆಯ ಮೇಲ್ಮಹಡಿಯು ಖಾಲಿ ಇದ್ದು, ಅದನ್ನು ಮಾಸಿಕ ಬಾಡಿಗೆ ಆಧಾರದ ಮೇಲೆ ನೀಡುವ ಬಗ್ಗೆ. ಉಲ್ಲೇಖ: ಹಿಂದಿನ ಬಾಡಿಗೆದಾರರು ಮೌಖಿಕವಾಗಿ ನೀಡಿದ ತೆರವು ಸೂಚನೆ. ಮೇಲ್ಕಂಡ ವಿಷಯ ಹಾಗೂ ಉಲ್ಲೇಖಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ಸದರಿ ಮಹಡಿಯು ಎರಡು ಕೋಣೆ, ಒಂದು ಅಡುಗೆಮನೆ, ಒಂದು ಸ್ನಾನಗೃಹ ಹಾಗೂ ಪೂರ್ವಾಭಿಮುಖ ಬಾಗಿಲನ್ನು ಒಳಗೊಂಡಿದ್ದು, ಆಸಕ್ತರು ಕಚೇರಿ ವೇಳೆಯಲ್ಲಿ ಖುದ್ದು ಹಾಜರಾಗತಕ್ಕದ್ದು. ಸಸ್ಯಾಹಾರಿಗಳಿಗೆ ಆದ್ಯತೆ. ತಪ್ಪಿದಲ್ಲಿ..." ಆ 'ತಪ್ಪಿದಲ್ಲಿ' ಕೈಯ ಅಭ್ಯಾಸಬಲದಿಂದ ಬಂದದ್ದು. ತಪ್ಪಿದಲ್ಲಿ ಯಾವ ಕ್ರಮ ಜರುಗಿಸಬೇಕೆಂದು ಹೊಳೆಯದೆ ಅದನ್ನು ಹೊಡೆದುಹಾಕಿದೆ.

ನನ್ನಾಕೆ ಕನ್ನಡಕ ಏರಿಸಿ ಓದಿದಳು. "ರೀ, ಇದು ಮನೆ ಬಾಡಿಗೆಗೆ ಕೊಡೋದಾ, ಜಪ್ತಿ ಮಾಡೋದಾ?"

"ಒಕ್ಕಣೆ ಹೀಗೇ ಇರಬೇಕು."

"ನೀರು ಎಷ್ಟು ಹೊತ್ತು ಬರುತ್ತೆ ಅಂತ ಎಲ್ಲಿದೆ?"

"ಅದು ಅನುಬಂಧದಲ್ಲಿ."

ಅವಳು ಕಾಗದ ವಾಪಸ್ ಕೊಟ್ಟು ಹುಣಸೇಹಣ್ಣು ನೆನೆಹಾಕಲು ಹೋದಳು. ಹಾಗೆ ಎದ್ದುಹೋದರೆ ವಿಷಯ ಮುಗಿದಿಲ್ಲ ಎಂದೇ ಅರ್ಥ. ನಾನು ಮಾತ್ರ ಪ್ರತಿ ಬಾರಿಯೂ ಅದನ್ನು ಅನುಮೋದನೆ ಎಂದೇ ದಾಖಲಿಸಿಕೊಳ್ಳುತ್ತೇನೆ.

ಮೊದಲ ಪ್ರತಿ ಫೇಸ್‌ಬುಕ್ಕಿಗೆ ಹೋಯಿತು. ಹಾರ್ವರ್ಡ್‌ನ ಹುಡುಗರು 2004ರಲ್ಲಿ ಸಹಪಾಠಿಗಳ ಮುಖ ನೋಡಲು ಕಟ್ಟಿಕೊಂಡ ತಾಣ ಇವತ್ತು ನಮ್ಮಂಥ ನಿವೃತ್ತರ ಕೈಗೆ ಬಂದಿದೆ, ಹುಡುಗರೆಲ್ಲ ಎದ್ದುಹೋಗಿದ್ದಾರೆ. ಒಕ್ಕಣೆಯ ಜೊತೆ ಒಂದು ಚಿತ್ರವಿರಲಿ ಎಂದು ಗೇಟಿನ ಮುಂದೆ ಕೈಮುಗಿದು ನಿಂತು ತೆಗೆಸಿಕೊಂಡೆ. ಗೇಟಿನ ಕಮಾನಿಗೆ ಆಯುಧಪೂಜೆಯ ಚೆಂಡುಹೂವಿನ ಹಾರ ಒಣಗಿ ನೇತಾಡುತ್ತಿತ್ತು. ಅದು ಚಿತ್ರದಲ್ಲಿ ಸರಿಯಾಗಿ ನನ್ನ ತಲೆಯ ಸುತ್ತ ಬಂದದ್ದನ್ನು ಗಮನಿಸಿದ್ದು, ಮೊದಲ ಕಾಮೆಂಟು ಬಂದ ಮೇಲೆ. "ಓಂ ಶಾಂತಿ. ಒಳ್ಳೆಯ ಮನುಷ್ಯ."

ಫೇಸ್‌ಬುಕ್‌ನಲ್ಲಿ ಮೇಲಿನವರ ಕಾಮೆಂಟು ನೋಡಿಯೇ ಕೆಳಗಿನವರು ಕಾಮೆಂಟು ಮಾಡುವುದು. ಪೋಸ್ಟು ಓದುವುದು ಅಲ್ಲಿಯ ಸಂಪ್ರದಾಯವಲ್ಲ. ಸಂಜೆಯೊಳಗೆ ನನ್ನ ಆತ್ಮಕ್ಕೆ ಸಾಕಷ್ಟು ಶಾಂತಿ ಸಿಕ್ಕಿತು. ಹಳೆಯ ಸಹೋದ್ಯೋಗಿಯೊಬ್ಬರು ಸಾಂತ್ವನ ಹೇಳಲು ನನ್ನಾಕೆಗೆ ಫೋನು ಮಾಡಿದರು. ಅವಳು ಒಗ್ಗರಣೆಯಲ್ಲಿದ್ದಳು, ನಾನೇ ಎತ್ತಿ "ಹಲೋ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ತುಸು ನಿರಾಸೆಯ ದನಿಯಲ್ಲಿ, "ಇದ್ದೀರಾ? ಪೆನ್ಷನ್ ಪರಿಷ್ಕರಣೆ ಏನಾಯ್ತು ಸ್ವಾಮಿ?" ಎಂದು ಕೇಳಿದರು. ಒಕ್ಕಣೆಯನ್ನು ನಿಜಕ್ಕೂ ಓದಿದವನು ನನ್ನ ಭಾವಮೈದ ಒಬ್ಬನೇ. "ಮೇಲ್ಮಹಡಿ ಖಾಲಿ ಇರೋದು ನಮ್ಮಕ್ಕನ ಮದುವೆ ದಿನವೇ ಗೊತ್ತಾಗಿತ್ತು ಭಾವ" ಎಂದು ಬರೆದ. ಅದಕ್ಕೆ ನಗುವ ಮುಖ ಒತ್ತಿದವರಲ್ಲಿ ನನ್ನ ಮಗಳೂ ಇದ್ದಳು. 2009ರಲ್ಲಿ ಬಂದ ಲೈಕ್ ಒಂದೇ ಇದ್ದ ಕಾಲವೇ ವಾಸಿಯಾಗಿತ್ತು. ಯಾರಾದರೂ ತೀರಿಕೊಂಡ ಸುದ್ದಿಗೂ ಹೆಬ್ಬೆರಳೇ ಎತ್ತಬೇಕಿತ್ತು ನಿಜ, ಆದರೆ ಯಾರು ಯಾರನ್ನು ನೋಡಿ ನಗುತ್ತಿದ್ದಾರೆ ಎಂಬ ಪಟ್ಟಿ ಸಿಗುತ್ತಿರಲಿಲ್ಲ. ನಗು, ಅಳು, ಸಿಟ್ಟುಗಳನ್ನು ಬೇರೆಬೇರೆಯಾಗಿ ಕೊಟ್ಟದ್ದು 2016ರಲ್ಲಿ. ಅಂದಿನಿಂದ ಸಂಬಂಧಿಕರ ಮನಸ್ಸು ತೆರೆದ ಕಡತ.

ಮನೆ ಕೇಳಿಕೊಂಡು ಮಾತ್ರ ಯಾರೂ ಬರಲಿಲ್ಲ. ಮಗಳನ್ನು ಕೇಳಿದೆ. "ನಿನ್ನ ಪೋಸ್ಟು ಯಾರಿಗೆ ಕಾಣುತ್ತೆ ಹೇಳು? ನೀನು ಯಾರಿಗೆ ಲೈಕ್ ಒತ್ತುತ್ತೀಯೋ, ಯಾರು ನಿನಗೆ ಒತ್ತುತ್ತಾರೋ ಅವರಿಗೇ ಮೊದಲು ತೋರಿಸುತ್ತೆ. ನಿನ್ನ ಫ್ರೆಂಡ್ಸೆಲ್ಲ ರಿಟೈರ್ಡ್ ಗೆಜೆಟೆಡ್ ಆಫೀಸರ್ಸು. ಎಲ್ಲರಿಗೂ ಸ್ವಂತ ಮನೆ ಇದೆ. ಮೇಲೊಂದು ಬಾಡಿಗೆಗೂ ಇದೆ." ನಿಜ. ನನ್ನ ಜಾಹೀರಾತನ್ನು ನೋಡಿದವರಲ್ಲಿ ಕನಿಷ್ಠ ಮೂವರು, ತಮ್ಮ ಮೇಲಿನ ಮನೆಯೂ ಖಾಲಿ ಇದೆ, ಗೊತ್ತಿದ್ದವರಿದ್ದರೆ ಹೇಳಿ ಎಂದು ನನಗೇ ಬರೆದಿದ್ದರು.

"ಅಲ್ಲೇ ಮಾರ್ಕೆಟ್‌ಪ್ಲೇಸ್ ಅಂತ ಇದೆಯಲ್ಲ, ಅದರಲ್ಲಿ ಹಾಕಬೇಕಪ್ಪ" ಅಂದಳು. ಹಾಕಿದೆ. ಅದುವರೆಗೆ ಬಾರದ ವಿಚಾರಣೆಗಳೆಲ್ಲ ಒಮ್ಮೆಗೇ ಹರಿದುಬಂದವು. ಎಲ್ಲವೂ ಒಂದೇ ಪ್ರಶ್ನೆ: "ಇದು ಇನ್ನೂ ಲಭ್ಯವಿದೆಯೇ?" ನಾನು ಪ್ರತಿಯೊಬ್ಬರಿಗೂ 'ಮಾನ್ಯರೇ' ಎಂದು ಆರಂಭಿಸಿ 'ತಮ್ಮ ವಿಶ್ವಾಸಿ' ಎಂದು ಮುಗಿಯುವ ಉತ್ತರ ಬರೆದೆ. ಒಬ್ಬನ ಹೊರತು ಯಾರೂ ಮರುಮಾತಾಡಲಿಲ್ಲ. ಆ ಪ್ರಶ್ನೆಯನ್ನು ಯಾರೂ ಟೈಪ್ ಮಾಡುವುದಿಲ್ಲ, ಫೇಸ್‌ಬುಕ್ ತಾನೇ ಸಿದ್ಧವಾಗಿ ಇಟ್ಟಿರುತ್ತದೆ, ಬೆರಳು ತಾಗಿದರೆ ಹೋಗಿಬಿಡುತ್ತದೆ ಎಂದು ಮಗಳು ಆಮೇಲೆ ಹೇಳಿದಳು. ಸಾಲಿಗ್ರಾಮದ ಒಬ್ಬರಿಗೆ ನಾನು ಬಾತ್‌ರೂಮಿನ ಅಳತೆಯನ್ನೂ ಬರೆದು ಕಳಿಸಿದ್ದೆ.

ಹಾಗೆ ಕೇಳಿದವರಲ್ಲಿ ನಿಜವಾಗಿ ಮಾತಾಡಿದ ಆ ಒಬ್ಬ ಒಂದು ಹುಡುಗ. ಸಾಫ್ಟ್‌ವೇರು, ಮನೆಯಿಂದಲೇ ಕೆಲಸ. ಹೆಸರು, ಕಂಪನಿ ಎಲ್ಲ ಹೇಳಿದ. ಪೂರ್ವಾಪರ ಪರಿಶೀಲಿಸದೆ ಮನೆ ಕೊಡುವುದು ನನ್ನ ಸೇವಾ ನಿಯಮಕ್ಕೆ ವಿರುದ್ಧ. ಅದಕ್ಕೆ ಲಿಂಕ್ಡ್‌ಇನ್ ತೆರೆದೆ. ಮಗಳು ಕೆಲಸ ಬದಲಾಯಿಸಿದಾಗ ಅವಳ ಹುದ್ದೆಯ ಹೆಸರು ನಮಗೆ ಅರ್ಥವಾಗದೆ, ಅಲ್ಲಿ ಬರೆದುಕೊಂಡಿದ್ದಾಳೆ ಎಂದು ತಿಳಿದು, ನಾನೂ ಒಂದು ಖಾತೆ ಮಾಡಿಟ್ಟಿದ್ದೆ. ಹುದ್ದೆ ಇವತ್ತಿಗೂ ಅರ್ಥವಾಗಿಲ್ಲ.

ಹುಡುಗನ ಪುಟ ಚೆನ್ನಾಗಿತ್ತು. ರಾತ್ರಿ ಊಟವಾದ ಮೇಲೆ ನೋಡಿದೆ. ಬೆಳಿಗ್ಗೆ ಕಾಫಿಗೆ ಮೊದಲು ನೋಡಿದೆ, ಕಾಫಿಯಾದ ಮೇಲೆ ನನ್ನಾಕೆಗೆ ತೋರಿಸಲು ನೋಡಿದೆ, ಅಮ್ಮನಿಗೆ ಗೋತ್ರದ ಸಂಶಯ ಬಂದದ್ದರಿಂದ ಇನ್ನೊಮ್ಮೆ ನೋಡಿದೆ. ಬಾಡಿಗೆಗೂ ಗೋತ್ರಕ್ಕೂ ಏನು ಸಂಬಂಧ ಎಂದರೆ, "ನೋಡಿರ್ಲಿ ಕಣೋ, ಮೊಮ್ಮಗಳಿಗೂ ವಯಸ್ಸಾಯ್ತು" ಎನ್ನುತ್ತಾರೆ ಅಮ್ಮ. ಗೋತ್ರ ಅಲ್ಲಿ ಹಾಕುವುದಿಲ್ಲವಂತೆ. ಇಷ್ಟೆಲ್ಲ ನಡೆಯುವಾಗ ಯಾರು ಯಾರ ಪುಟ ಇಣುಕಿದರು ಎಂದು ಲಿಂಕ್ಡ್‌ಇನ್ ಆ ಪುಟದ ಯಜಮಾನನಿಗೆ ಚಾಡಿ ಹೇಳುತ್ತದೆ ಎಂಬುದು ನಮ್ಮ ಯಾರಿಗೂ ಗೊತ್ತಿರಲಿಲ್ಲ. ಫೇಸ್‌ಬುಕ್‌ನಲ್ಲಿ ಎಷ್ಟು ಹೊತ್ತು ಇಣುಕಿದರೂ ಕೇಳುವವರಿಲ್ಲ. ಇಲ್ಲಿ ಹಾಗಲ್ಲ, ಗುಟ್ಟಾಗಿ ನೋಡಬೇಕಾದರೆ ಮೊದಲೇ ಸೆಟ್ಟಿಂಗ್ ಬದಲಾಯಿಸಿ ಮುಸುಕು ಹಾಕಿಕೊಂಡು ಹೋಗಬೇಕು.

ಹುಡುಗ ಫೋನು ಮಾಡಿದ. "ಅಂಕಲ್, ನಮ್ಮ ಕಂಪನಿಯಲ್ಲಿ ಕೆಲಸ ಬೇಕಿತ್ತಾ?"

"ಯಾಕಪ್ಪ?"

"ನೀವು ನನ್ನ ಪ್ರೊಫೈಲ್ ನೋಡ್ತಾನೇ ಇದ್ದೀರಿ. ನಿಮ್ಮ ಫೋಟೋ ಸುತ್ತ ಹಸಿರು ಉಂಗುರ ಬೇರೆ ಇದೆ."

ಹಸಿರು ಉಂಗುರವನ್ನು ನಾನು ಶುಭಸೂಚಕ ಎಂದುಕೊಂಡಿದ್ದೆ. ಅದು 'ಓಪನ್ ಟು ವರ್ಕ್', ಅಂದರೆ ಕೆಲಸ ಹುಡುಕುತ್ತಿದ್ದೇನೆ ಎಂಬ ಬಹಿರಂಗ ಪ್ರಕಟಣೆಯಂತೆ. ಖಾತೆ ತೆರೆಯುವಾಗ ಕೇಳಿದ್ದಕ್ಕೆಲ್ಲ 'ಎಸ್' ಒತ್ತಿದ್ದರ ಫಲ. ಮಾರನೆಯ ದಿನ ಮಗಳು ಕರೆ ಮಾಡಿ, "ಅಪ್ಪ, ನಮ್ಮ ಮ್ಯಾನೇಜರ್ ಕೇಳಿದ್ರು, ನಿಮ್ಮ ತಂದೆಗೆ ಪೆನ್ಷನ್ ಬರ್ತಿಲ್ವಾ ಅಂತ" ಅಂದಳು. ಉಂಗುರ ತೆಗೆಯುವಷ್ಟರಲ್ಲಿ ಇಬ್ಬರು ವಿಮಾ ಏಜೆನ್ಸಿ ಕೊಡಲು ಮುಂದೆ ಬಂದಿದ್ದರು. ನನ್ನ ಸುತ್ತೋಲೆಯನ್ನು ಅಲ್ಲಿ ಹಾಕಲು ಮಗಳು ಬಿಡಲಿಲ್ಲ. ಆ ತಾಣದ ಭಾಷೆಯೇ ಬೇರೆಯಂತೆ. ಬಡ್ತಿ ಸಿಕ್ಕರೆ 'ಸಿಕ್ಕಿತು' ಎಂದು ಬರೆಯಬಾರದು, 'ವಿನಮ್ರನಾಗಿದ್ದೇನೆ' ಎಂದು ಬರೆಯಬೇಕು. ನಮ್ಮ ಕಚೇರಿಯಲ್ಲಿ ಬಡ್ತಿ ಸಿಕ್ಕ ಬಹಳ ಜನರನ್ನು ನೋಡಿದ್ದೇನೆ. ಮೈಸೂರುಪಾಕು ಹಂಚಿದರು, ಕುರ್ಚಿಗೆ ಹೊಸ ಟವೆಲ್ ಹಾಕಿಸಿದರು. ವಿನಮ್ರನಾದವನೊಬ್ಬನೂ ನೆನಪಾಗುತ್ತಿಲ್ಲ.

ಹುಡುಗ ಮನೆ ನೋಡಲು ಬರಲೇ ಇಲ್ಲ. ಇಷ್ಟು ನಿಗಾ ಇಡುವ ಮಾಲೀಕರು ಕೆಳಗೇ ಇದ್ದರೆ ಕಷ್ಟ ಎಂದು ಮಗಳ ಸ್ನೇಹಿತರಲ್ಲಿ ಯಾರಿಗೋ ಹೇಳಿದನಂತೆ.

ಇನ್ನು ಎಕ್ಸ್. ನಮ್ಮ ಬಾಯಲ್ಲಿ ಅದು ಇನ್ನೂ ಟ್ವಿಟರೇ. 2006ರಲ್ಲಿ ಹುಟ್ಟಿದಾಗ ಎಸ್ಸೆಮ್ಮೆಸ್ಸಿನ 160 ಅಕ್ಷರದೊಳಗೆ ಹಿಡಿಸಲೆಂದು 140ರ ಮಿತಿ ಹಾಕಿಕೊಂಡಿದ್ದರು. 2017ರಲ್ಲಿ ಅದು 280 ಆಯಿತು. 2022ರಲ್ಲಿ ಎಲಾನ್ ಮಸ್ಕ್ 44 ಬಿಲಿಯನ್ ಡಾಲರ್ ಕೊಟ್ಟು ಕೊಂಡು, ಮರುವರ್ಷ ನೀಲಿ ಹಕ್ಕಿಯನ್ನು ಓಡಿಸಿ ಒಂದು ಕತ್ತರಿಗುರುತು ಬರೆದಿಟ್ಟರು. ಮಿತಿಯೇನೋ ಹಿಗ್ಗಿತು, ಆದರೆ ಲೆಕ್ಕ ಹಿಡಿಯುವವರಿಗೆ ನಮ್ಮ ಒತ್ತಕ್ಷರದ ಪರಿಚಯವಿಲ್ಲ. 'ಸ್ತ್ರೀ' ಎಂದು ಬರೆದರೆ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರ ಎಂದು ಬಿಡಿಸಿ ಆರು ಎಂದು ಬರೆದುಕೊಳ್ಳುತ್ತದೆ. ನನ್ನ ಒಕ್ಕಣೆ 'ಉಲ್ಲೇಖ' ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಿತಿ ಮುಗಿಯಿತು. ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದದ್ದು: "ಕುವೆಂಪುನಗರದಲ್ಲಿ ಮೇಲ್ಮಹಡಿ ಬಾಡಿಗೆಗಿದೆ. ಸಸ್ಯಾಹಾರಿಗಳಿಗೆ ಆದ್ಯತೆ."

ಇಡೀ ಒಕ್ಕಣೆಯಲ್ಲಿ ಹುದುಗಿ ಕೂತಿದ್ದಾಗ ಯಾರ ಕಣ್ಣಿಗೂ ಬೀಳದ ಆ ಎರಡನೆಯ ವಾಕ್ಯ ಇಲ್ಲಿ ಬರಿಮೈಯಲ್ಲಿ ನಿಂತಿತು. ಯಾರೆಂದೇ ತಿಳಿಯದವರು ಬಂದು, "ತಾತ, ಯಾವ ಶತಮಾನದಲ್ಲಿದ್ದೀರಿ?" ಎಂದು ಕೇಳಿದರು. ಬಾಡಿಗೆ ಮನೆ ಹುಡುಕುವಾಗ 'ನಿಮ್ಮದು ಯಾವ ಜನ?' ಎಂಬ ಪ್ರಶ್ನೆಯನ್ನು ಎಷ್ಟು ಸಲ ನುಂಗಿಕೊಂಡಿದ್ದೇವೆ ಎಂದು ಕೆಲವರು ಬರೆದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನನ್ನ ಪರ ವಾದಿಸಲು ಬಂದವರನ್ನು ಓದಿದ ಮೇಲೆ ವಿರೋಧಿಗಳೇ ಎಷ್ಟೋ ಸಭ್ಯರು ಅನ್ನಿಸಿತು. ರಾತ್ರಿಯ ಹೊತ್ತಿಗೆ ಎರಡೂ ಪಕ್ಷದವರು ನನ್ನನ್ನು ಮರೆತು ಬೆಂಗಳೂರು-ಮೈಸೂರು ಹೆದ್ದಾರಿಯ ಟೋಲಿನ ಬಗ್ಗೆ ಜಗಳವಾಡುತ್ತಿದ್ದರು. ಇವಳು ಎಲ್ಲವನ್ನೂ ಓದಿ, "ವಾಕಿಂಗ್ ನೆಪದಲ್ಲಿ ಬೇಕರೀಲಿ ಎಗ್ ಪಫ್ ತಿಂದು ಬಾಯಿ ಒರೆಸ್ಕೊಂಡು ಬರೋರು ಯಾರು ಅಂತ ಅವರಿಗೆ ನಾನು ಬರೀಲಾ?" ಅಂದಳು. ಕರಡಿನಿಂದ ಆ ಸಾಲು ಹೋಯಿತು. ಎಗ್ ಪಫ್ ಮುಂದುವರಿದಿದೆ.

ಎಕ್ಸ್ ಯಾವುದಕ್ಕೆ ಒದಗುತ್ತದೆ ಎಂಬುದನ್ನು ಕಂಡುಕೊಂಡವನು ಆ ಭಾವಮೈದನೇ. ಅವನ ಬೀದಿಯ ದೀಪ ಕೆಟ್ಟಿತ್ತು. ಕಂಬದ ಚಿತ್ರ, ಕಂಬದ ನಂಬರು, ಸಂಬಂಧಪಟ್ಟ ಇಲಾಖೆಯ ಹೆಸರಿಗೊಂದು ಟ್ಯಾಗು, ಇಷ್ಟೇ ಹಾಕಿದ. ದೀಪ ಹತ್ತಿತು. ನಾಲ್ಕು ಜನರ ಎದುರು ಕೇಳಿದರೆ ಇಲಾಖೆಗೆ ಕಿವಿ ಕೇಳಿಸುತ್ತದೆ, ಅದರ ಗುಟ್ಟು ಅಷ್ಟೇ. ನಮ್ಮ ಬೀದಿಯ ದೀಪಕ್ಕಾಗಿ ನಾನು ಲಗತ್ತುಗಳ ಸಮೇತ ಬರೆದ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಅರ್ಜಿಯನ್ನು ಪರಿಶೀಲನೆಯಲ್ಲಿಡುವುದು ಹೇಗೆಂದು ಆ ಕಚೇರಿಯ ಒಂದಿಬ್ಬರಿಗೆ ಕಲಿಸಿದವನೂ ನಾನೇ.

ಕನ್ನಡಾಭಿಮಾನದಿಂದ ಕೂ ಆಪ್‌ನಲ್ಲಿಯೂ ಒಂದು ಖಾತೆ ತೆರೆದಿದ್ದೆ. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಬಂದ ಹಳದಿ ಹಕ್ಕಿ ಅದು. 2024ರ ಜುಲೈನಲ್ಲಿ ಮುಚ್ಚಿತು. ಅದಕ್ಕೂ ಹಿಂದೆ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತ್ತು. ಅಲ್ಲಿ ಸಹೋದ್ಯೋಗಿಗಳು ನನಗೆ ಬರೆದುಕೊಟ್ಟ ಪ್ರಶಂಸಾಪತ್ರಗಳಿದ್ದವು. ಕಚೇರಿ ಪ್ರತಿ ಇಟ್ಟುಕೊಳ್ಳಲಿಲ್ಲ.

ಇನ್‌ಸ್ಟಾಗ್ರಾಂನ ಕೆಲಸವನ್ನು ಮಗಳು ವಾರಾಂತ್ಯಕ್ಕೆ ಬಂದಾಗ ತಾನೇ ವಹಿಸಿಕೊಂಡಳು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ಜುಲೈನಲ್ಲಿ ರೀಲ್ಸ್ ನಮ್ಮ ದೇಶಕ್ಕೆ ಬಂತು. ಪರಿಚಯವಿಲ್ಲದವರ ಮುಂದೆಯೂ ತಾನಾಗಿ ಹೋಗಿ ನಿಲ್ಲುತ್ತದೆ, ಅದೇ ಅದರ ಶಕ್ತಿ ಎಂದು ವಿವರಿಸಿದಳು. ಫೋನನ್ನು ಉದ್ದಕ್ಕೆ ಹಿಡಿದು ಮನೆಯನ್ನೆಲ್ಲ ಸುತ್ತಿ, ಕೊನೆಗೆ ಟೆರೇಸಿಗೆ ಹೋದಳು. ಅಲ್ಲಿ ಅಮ್ಮನ ಅರಳು ಸಂಡಿಗೆ ಒಣಗುತ್ತಿತ್ತು. ಪಂಚೆ ಎತ್ತಿಕಟ್ಟಿ, ಹಳೆಯ ಕೊಡೆ ಬೀಸುತ್ತ ಕಾಗೆ ಓಡಿಸುತ್ತಿದ್ದ ನಾನೂ ಅದರಲ್ಲಿ ಬಂದೆ. ರೀಲು ಎಲ್ಲೆಲ್ಲಿಗೋ ಹೋಯಿತು. ಹುಬ್ಬಳ್ಳಿ, ಮಂಗಳೂರು, ಮಸ್ಕತ್. "ಅಜ್ಜಿ ಸಂಡಿಗೆ ಕೊರಿಯರ್ ಮಾಡ್ತಾರಾ?", "ಅಂಕಲ್ ಡ್ಯಾನ್ಸ್ ಸೂಪರ್", "ಕೊಡೆ ಯಾವ ಅಂಗಡಿದು?" ಎರಡು ಕೋಣೆ, ಪೂರ್ವಾಭಿಮುಖ ಬಾಗಿಲುಗಳ ಬಗ್ಗೆ ಒಬ್ಬರೂ ಚಕಾರವೆತ್ತಲಿಲ್ಲ. ಮಸ್ಕತ್‌ನವರು ಕುವೆಂಪುನಗರದಲ್ಲಿ ಬಾಡಿಗೆಗೆ ಇರಲು ಬರುವುದೂ ಇಲ್ಲ. ಅಮ್ಮನಿಗೆ ಮಾತ್ರ ಸಂಡಿಗೆಯ ಆರ್ಡರ್ ಬಂದಿದೆ, ನನಗೆ ಕಾಗೆ ಓಡಿಸುವ ಕೆಲಸ ಕಾಯಂ ಆಗಿದೆ.

ನಮ್ಮ ಮನೆಯಲ್ಲಿ ಯಾವ ತಾಣವನ್ನಾದರೂ ಸರಿಯಾಗಿ ಬಳಸುವವರಿದ್ದರೆ ಅದು ಅಮ್ಮ, ಯೂಟ್ಯೂಬನ್ನು. ಮೈಕಿನ ಗುರುತು ಒತ್ತಿ, "ಪುರಂದರದಾಸರ ಹಾಡು ಹಾಕಪ್ಪಾ" ಎನ್ನುತ್ತಾರೆ, ಬರುತ್ತದೆ. ಏನು ಬೇಕೆಂದು ಗೊತ್ತಿದ್ದು ಹುಡುಕಿಕೊಂಡು ಹೋಗುವವರಿಗೆ 2005ರಿಂದ ಈಚೆಗೆ ಅದಕ್ಕಿಂತ ದೊಡ್ಡ ಭಂಡಾರ ಇನ್ನೊಂದು ಬಂದಿಲ್ಲ. ಅದರ ಮೊಟ್ಟಮೊದಲ ವಿಡಿಯೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತ ಒಬ್ಬ ಹುಡುಗನದು, 19 ಸೆಕೆಂಡಿನದು, ಎಂದು ಹೇಳಿದರೆ "ಆನೆ ನೋಡೋಕೆ ಯೂಟ್ಯೂಬು ಯಾಕೆ, ಜಂಬೂಸವಾರಿಗೆ ಬಾ ಅನ್ನು" ಎಂದರು. ಅಮ್ಮನ ಒಂದೇ ತೊಂದರೆ ದಾಕ್ಷಿಣ್ಯ. ಯಾರಾದರೂ "ದಯವಿಟ್ಟು ಸಬ್‌ಸ್ಕ್ರೈಬ್ ಮಾಡಿ" ಎಂದರೆ, "ಪಾಪ, ಬಾಯಿಬಿಟ್ಟು ಕೇಳ್ತಿದ್ದಾನೆ, ಮಾಡೋ" ಎಂದು ನನ್ನನ್ನು ಕೂಗುತ್ತಾರೆ. ಹೀಗಾಗಿ ನಾವು ಟ್ರ್ಯಾಕ್ಟರ್ ರಿಪೇರಿಯ ಚಾನೆಲ್ಲಿಗೂ ಚಂದಾದಾರರು. ಅದರಿಂದ ಸ್ಫೂರ್ತಿ ಪಡೆದು ಮೇಲಿನ ಮನೆಯ ತೊಟ್ಟಿಕ್ಕುವ ನಲ್ಲಿಯನ್ನು ನಾನೇ ಬಿಚ್ಚಿದ ವಿಚಾರ ಪ್ಲಂಬರ್‌ಗೆ ಗೊತ್ತಿದೆ. ಇಲ್ಲಿ ಬೇಡ.

ಕೊನೆಗೆ ವಾಟ್ಸಾಪ್. ನನ್ನ ಪ್ರಕಾರ ಅದು ಟಪಾಲು ವಿಭಾಗಕ್ಕೆ ತೀರ ಹತ್ತಿರದ್ದು. ಬರುವುದನ್ನು ಮುಂದಕ್ಕೆ ಕಳಿಸಿದರೆ ಕರ್ತವ್ಯ ಮುಗಿಯಿತು. ಸುಮ್ಮನೆ ಕಳಿಸುವ ಆ ಅಭ್ಯಾಸಕ್ಕೆ ಕಡಿವಾಣ ಬಿದ್ದದ್ದು 2018ರ ಜುಲೈನಲ್ಲಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಫೋನಿಂದ ಫೋನಿಗೆ ಹಾರಿ, ದೇಶದಲ್ಲಿ ಹಲವರ ಪ್ರಾಣ ತೆಗೆಯಿತು. ನಮ್ಮ ಬೀದರ್ ಜಿಲ್ಲೆಯಲ್ಲೂ ಒಬ್ಬ ತರುಣನನ್ನು ಜನ ಹೊಡೆದು ಕೊಂದರು. ಅದೇ ತಿಂಗಳು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸುವಂತಿಲ್ಲ ಎಂದು ಮಾಡಿದರು. ಇದನ್ನು ಹಾಸ್ಯದ ನಡುವೆ ಹೇಳಬಾರದಿತ್ತೇನೋ. ಆದರೆ ಈಗಲೂ ನಮ್ಮ ನಿವೃತ್ತರ ಗುಂಪಿನಲ್ಲಿ 'ಫಾರ್ವರ್ಡೆಡ್ ಮೆನಿ ಟೈಮ್ಸ್' ಎಂದರೆ ಹಲವರು ದೃಢೀಕರಿಸಿದ್ದಾರೆ ಎಂದೇ ತಿಳಿಯುವವರಿದ್ದಾರೆ.

ವಾಟ್ಸಾಪ್‌ನಲ್ಲಿ ಆ ಗುಂಪಿಗೇ ಸುತ್ತೋಲೆ ಮೊದಲು ಹೋಯಿತು. ಉತ್ತರಗಳು ಬಂದವು: "ಗಮನಿಸಲಾಗಿದೆ." "ಕಡತದಲ್ಲಿಡಿ." "ಅನುಬಂಧ ಲಗತ್ತಿಸಿಲ್ಲ." ಒಬ್ಬರು ಸೂರ್ಯೋದಯದ ಚಿತ್ರ ಕಳಿಸಿ ಶುಭೋದಯ ಕೋರಿದರು. ಭಾರತೀಯರ ಫೋನುಗಳು ಯಾಕೆ ತುಂಬಿಹೋಗುತ್ತಿವೆ ಎಂದು ಗೂಗಲ್‌ನವರು ತಲೆಕೆಡಿಸಿಕೊಂಡು ಹುಡುಕಿದಾಗ ಸಿಕ್ಕಿದ್ದು ಇಂಥ ಶುಭೋದಯದ ಚಿತ್ರಗಳೇ. 2018ರ ಹೊತ್ತಿಗೆ ಅವನ್ನು ಗುರುತಿಸಿ ಅಳಿಸುವ ಸೌಲಭ್ಯವನ್ನೇ ಅವರು ಮಾಡಿಕೊಡಬೇಕಾಯಿತು. ನಮ್ಮ ಬಳಗದವರ ಸಾಧನೆ ಕ್ಯಾಲಿಫೋರ್ನಿಯಾಕ್ಕೆ ಮುಟ್ಟಿದ್ದು ಹೀಗೆ.

ಆಮೇಲೆ ನಮ್ಮ ಬಡಾವಣೆಯ ನಿವಾಸಿಗಳ ಗುಂಪು. ಮನೆ ಬೇಕಾದವರ ನೆಂಟರು ಇಲ್ಲಿ ಖಂಡಿತ ಇರುತ್ತಾರೆ ಎಂದು ಹಾಕಿದೆ. ಕೂಡಲೇ ಅಡ್ಮಿನ್ ಅದನ್ನು ಅಳಿಸಿ ಬರೆದರು: "ಗುಂಪಿನ ನಿಯಮದನ್ವಯ ಇಲ್ಲಿ ಖಾಸಗಿ ಜಾಹೀರಾತುಗಳನ್ನು ಹಾಕತಕ್ಕದ್ದಲ್ಲ." ಸಿಟ್ಟು ಬಂತು. ಯಾವ ನಿಯಮ, ಯಾರು ಮಾಡಿದ್ದು ಎಂದು ಕೇಳಿದೆ. ಅವರು ಮಾತಾಡದೆ ನಿಯಮಾವಳಿಯ ಚಿತ್ರ ಕಳಿಸಿದರು. ಕೆಳಗೆ ಸಹಿ ನನ್ನದು. ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿಯಾಗಿದ್ದಾಗ ನಾನೇ ಉತ್ಸಾಹದಿಂದ ರಚಿಸಿದ್ದು, 'ತಪ್ಪಿದಲ್ಲಿ ಗುಂಪಿನಿಂದ ತೆಗೆದುಹಾಕಲಾಗುವುದು' ಎಂಬ ಸಾಲಿನ ಸಮೇತ. ಕ್ರಮ ಜರುಗಿಸಲಿಲ್ಲ, ಹಿರಿತನಕ್ಕೆ ಮರ್ಯಾದೆ ಕೊಟ್ಟರು.

ಇಷ್ಟರಲ್ಲಿ ನನ್ನಾಕೆ ಹುಣಸೇಹಣ್ಣು ನೆನೆಹಾಕಿ, ಗೊಜ್ಜವಲಕ್ಕಿ ಮಾಡಿ, ಅದರ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದಳು. ಸ್ಟೇಟಸ್ ಎಂದರೆ ನನಗೆ ಮೊದಲಿಂದಲೂ ತಾತ್ಸಾರ. 24 ಗಂಟೆಯಲ್ಲಿ ಅಳಿಸಿಹೋಗುವ ದಾಖಲೆ ಎಂಥ ದಾಖಲೆ? ಅವಳು ದಿನಾ ಹಾಕುತ್ತಾಳೆ. ರಂಗೋಲಿ, ವರಮಹಾಲಕ್ಷ್ಮಿಯ ಅಲಂಕಾರ, ಕುಂಡದಲ್ಲಿ ಬಿಟ್ಟ ಮೊದಲ ದಾಸವಾಳ. ಅವತ್ತು ಗೊಜ್ಜವಲಕ್ಕಿಯ ಹಿಂದೆಯೇ ಮೇಲಿನ ಮನೆಯ ಅಡುಗೆ ಕಟ್ಟೆಯ ಚಿತ್ರ ಹಾಕಿ, ಕೆಳಗೆ ಹೀಗೆ ಬರೆದಳು: "ಮೇಲಿನ ಮನೆ ಖಾಲಿ ಇದೆ. ಎರಡು ಹೊತ್ತೂ ನೀರು ಬರುತ್ತೆ. ಒಳ್ಳೆಯವರು ಇದ್ದರೆ ಹೇಳಿ."

"ಇದೇನು, ಬಾಡಿಗೆ ಎಷ್ಟು ಅಂತ ಇಲ್ಲ, ಅಳತೆ ಇಲ್ಲ" ಅಂದೆ.

"ಬಂದವರ ಹತ್ರ ಮಾತಾಡೋಕೆ ನೀವು ಇದ್ದೀರಲ್ಲ."

ಆ ಸ್ಟೇಟಸ್ಸಿನ ಕಟ್ಟುಪಾಡು ನನಗೆ ಗೊತ್ತಾದದ್ದು ಆಮೇಲೆ. ನಾವು ಹಾಕಿದ್ದು ಎಲ್ಲರಿಗೂ ಕಾಣುವುದಿಲ್ಲ. ಅವರ ನಂಬರು ನಮ್ಮ ಫೋನಿನಲ್ಲಿ ಸೇವ್ ಆಗಿರಬೇಕು, ನಮ್ಮದು ಅವರ ಫೋನಿನಲ್ಲಿ ಸೇವ್ ಆಗಿರಬೇಕು. ಎರಡೂ ಕಡೆಯ ಒಪ್ಪಿಗೆ ಇದ್ದರೆ ಮಾತ್ರ. ಇವಳ ಫೋನಿನಲ್ಲಿ ಯಾರಿದ್ದಾರೆ ಎಂದು ಅವತ್ತು ನೋಡಿದೆ. ಹೂವಿನಮ್ಮ. ಹಾಲಿನವನು. ಬ್ಲೌಸು ಹೊಲಿಯುವಾಕೆ. ಗ್ಯಾಸ್ ಸಿಲಿಂಡರಿನ ಹುಡುಗ. ಅಮ್ಮನಿಗೆ ಬಿಪಿ ನೋಡಲು ಬರುವ ನರ್ಸು. ಲಲಿತಾ ಸಹಸ್ರನಾಮದ ಹೆಂಗಸರು. ಯಾವ ಮನೆ ಖಾಲಿ, ಯಾವ ಮನೆಗೆ ಯಾರು ಬರುತ್ತಾರೆ, ಯಾರಿಗೆ ಮನೆ ಮಾಲೀಕರೊಂದಿಗೆ ಮನಸ್ತಾಪವಾಗಿ ಬೇರೆ ಮನೆ ಬೇಕಾಗಿದೆ ಎಂಬುದು ಕುವೆಂಪುನಗರದಲ್ಲಿ ಇವರಿಗೆ ಗೊತ್ತಿದ್ದಷ್ಟು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಯಾರು ಯಾರು ನೋಡಿದರು ಎಂಬ ಪಟ್ಟಿಯೂ ಸ್ಟೇಟಸ್ಸಿನಲ್ಲಿ ಸಿಗುತ್ತದೆ. ಇವಳು ಅದನ್ನು ನೋಡಿ, "ನೋಡಿ, ಮೂಲೆಮನೆಯವಳು ನೋಡಿದ್ದಾಳೆ, ಏನೂ ಹೇಳಿಲ್ಲ. ಅವಳ ತಮ್ಮನೂ ಮನೆ ಹುಡುಕ್ತಿದ್ದ. ಅಂದ್ರೆ ನಮ್ಮನೆ ಬೇಡ ಅಂತ" ಎಂದು ವಿಶ್ಲೇಷಿಸಿದಳು. ನಾನು ಇಷ್ಟು ವರ್ಷ ಬರೆದ ಗೌಪ್ಯ ವರದಿಗಳಲ್ಲಿ ಇಷ್ಟು ಹುರುಳಿರಲಿಲ್ಲ.

ಬೆಳಿಗ್ಗೆ ಬ್ಲೌಸಿನಾಕೆಯ ಫೋನು ಬಂತು. "ಅಮ್ಮಾವ್ರೆ, ನಮ್ಮ ಕಸ್ಟಮರ್ ಒಬ್ರು ನರ್ಸಿಂಗ್ ಕಾಲೇಜಲ್ಲಿ ಟೀಚರ್ರು. ಗಂಡ-ಹೆಂಡ್ತಿ, ಒಂದು ಮಗು. ಹೊಲಿಗೆ ದುಡ್ಡು ಒಂದು ದಿನವೂ ಬಾಕಿ ಇಟ್ಟೋರಲ್ಲ." ಪೂರ್ವಾಪರ ಪರಿಶೀಲನೆ ಅಲ್ಲಿಗೆ ಮುಗಿಯಿತು. ಅವರು ಸಂಜೆ ಬಂದರು, ನಲ್ಲಿ ತಿರುಗಿಸಿ ನೋಡಿದರು, ಮುಂಗಡ ಕೊಟ್ಟರು. ನಾನು ಕರಾರುಪತ್ರ ಓದಿ ಹೇಳಲು ಕನ್ನಡಕ ಹುಡುಕುತ್ತಿದ್ದಾಗ ಒಳಗೆ ಹೆಂಗಸರಿಬ್ಬರೂ ಗೊಜ್ಜವಲಕ್ಕಿಗೆ ಎಷ್ಟು ಬೆಲ್ಲ ಎಂಬುದನ್ನು ಇತ್ಯರ್ಥ ಮಾಡುತ್ತಿದ್ದರು.

ಇದು ಕಾಕತಾಳೀಯ ಎಂಬುದು ನನ್ನ ಲಿಖಿತ ಅಭಿಪ್ರಾಯ. ಅದನ್ನು ಸಾಬೀತುಪಡಿಸಲು ನನ್ನದೇ ಸ್ಟೇಟಸ್ ಒಂದನ್ನು ಹಾಕಿದೆ, ಹೊಸ ವರ್ಷದ ರಜಾದಿನಗಳ ಪಟ್ಟಿ. ನೋಡಿದವರು ಇಬ್ಬರು, ಅಮ್ಮ ಮತ್ತು ಪ್ಲಂಬರ್. ನನ್ನ ಫೋನಿನಲ್ಲಿ ನಂಬರುಗಳಿಗೇನೂ ಕಮ್ಮಿಯಿಲ್ಲ. 'ಲೆಕ್ಕ ಶಾಖೆ', 'ಖಜಾನೆ', 'ಟಪಾಲು', 'ಡಿಸಿ ಕಚೇರಿ ಮೇಜು' ಎಂದೆಲ್ಲ ಬರೆದಿಟ್ಟುಕೊಂಡಿದ್ದೇನೆ. ಆ ಮೇಜುಗಳ ಹಿಂದೆ ಕೂತವರಲ್ಲಿ ನನ್ನ ನಂಬರು ಸೇವ್ ಮಾಡಿಟ್ಟುಕೊಂಡವರು ಯಾರೂ ಇಲ್ಲ ಎಂದು ಮಗಳು ಫೋನು ನೋಡಿ ಹೇಳಿದಳು. ಹೆಂಡತಿಯೂ ನೋಡಿಲ್ಲವಲ್ಲ ಎಂದು ಕೇಳಿದೆ. ನನ್ನ ಸ್ಟೇಟಸ್ಸನ್ನು ಅವಳು ಎಂದೋ 'ಮ್ಯೂಟ್' ಮಾಡಿಟ್ಟಿದ್ದಾಳಂತೆ.

ಮೇಲಿನ ಮನೆಯಲ್ಲಿ ಹಾಲುಕ್ಕಿಸಿ ಆಯಿತು. ಮಾರ್ಕೆಟ್‌ಪ್ಲೇಸಿನಲ್ಲಿ ಮಾತ್ರ "ಇದು ಇನ್ನೂ ಲಭ್ಯವಿದೆಯೇ?" ಎಂದು ಜನ ಕೇಳುತ್ತಲೇ ಇದ್ದಾರೆ, ಆ ಜಾಹೀರಾತನ್ನು ತೆಗೆಯುವುದು ಎಲ್ಲಿ ಎಂದು ನನಗೆ ಸಿಕ್ಕಿಲ್ಲ. ಆದಕಾರಣ ಓದುಗರಲ್ಲಿ ಎರಡು ವಿನಂತಿ. ಮನೆ ಹೋಗಿದೆ, ದಯವಿಟ್ಟು ಯಾರೂ ಕೇಳಬೇಡಿ. ಮತ್ತು ನನ್ನ ಪರಿಚಯಸ್ಥರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ನಂಬರನ್ನು ಸೇವ್ ಮಾಡಿಕೊಳ್ಳಿ. ನಾಳೆಯಿಂದ ನಾನೂ ರಂಗೋಲಿ ಹಾಕುವವನಿದ್ದೇನೆ.